ವನಜಳಿಗೆ ನಾನು ಕಲಿಸಿದ ಯುರೋಪು

ಸ್ಮಿತಾ ಶೋಳಿಂಗನಲ್ಲೂರಿನ ಶಾಲೆಯಲ್ಲಿ ಚರಿತ್ರೆಯ ಟೀಚರಾಗಿ ಸೇರಿದ ದಿನ ಮನೆಗೆ ಬಂದವಳೇ ನನ್ನ ಮಂಚದ ತುದಿಯಲ್ಲಿ ಕುಳಿತು, "ಅಜ್ಜಿ, ಅಂದ ಕಾಲತ್ತಿಲ ನೀ ಎಪ್ಪಡಿ ಕ್ಲಾಸ್ ಎಡುತ್ತೆ?" ಎಂದು ಕೇಳಿದಳು. ಆಗ ನಾನು ಹೇಗೆ ಪಾಠ ಮಾಡುತ್ತಿದ್ದೆ ಎಂದು ಅವಳಿಗೆ ತಿಳಿಯಬೇಕಾಗಿತ್ತು. ಬಾಯಿಬಿಟ್ಟು ಹೇಳುವುದು ನನಗೆ ಕಷ್ಟ. ಮಕ್ಕಳ ಮುಂದೆ ಬರುತ್ತಿದ್ದ ಮಾತು ದೊಡ್ಡವರ ಮುಂದೆ ನನಗೆ ಎಂದೂ ಬರಲಿಲ್ಲ, ಈಗ ಮೊಮ್ಮಕ್ಕಳಾದ ನೀವೂ ದೊಡ್ಡವರಾಗಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಕೇಳಿದರೆ ನಿಮಗೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಿಮ್ಮ ಅಪ್ಪನಿಂದ ಓದಿಸಿಕೊಳ್ಳಿ.

ಕೆಲಸ ಕಾಯಂ ಆದದ್ದು, ಸಂಬಳ ಏರಿದ್ದು, ನಿವೃತ್ತಿಯ ದಿನ ಶಾಲು ಹೊದಿಸಿದ್ದು ಇವೆಲ್ಲ ಎಲ್ಲ ಟೀಚರುಗಳಿಗೂ ಆಗುವಂಥವು. ಅವನ್ನು ಬರೆಯುವುದಿಲ್ಲ.

ನಾನು ಓದಿದ್ದು ಕುಂದಾಪುರದ ಕಡೆಯ ಒಂದು ಹಳ್ಳಿಶಾಲೆಯಲ್ಲಿ. ಆಮೇಲೆ ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದೆ. ನಿಮ್ಮ ಅಜ್ಜ ಮದ್ರಾಸಿನ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ಮದುವೆಯಾಗಿ ನಾನೂ ಇಲ್ಲಿಗೆ ಬಂದೆ. ಅವರು ಟೈಫಾಯ್ಡಿನಲ್ಲಿ ಹೋದಾಗ ನಿಮ್ಮ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಊರಿಗೆ ವಾಪಸಾಗಬೇಕೆಂದಿದ್ದೆ. ಅಷ್ಟರಲ್ಲಿ ತಿರುವಲ್ಲಿಕ್ಕೇಣಿಯ ಹೆಣ್ಣುಮಕ್ಕಳ ಶಾಲೆಯೊಂದರ ಕನ್ನಡ ವಿಭಾಗಕ್ಕೆ ಟೀಚರ್ ಬೇಕೆಂದು ತಿಳಿಯಿತು. ಹೋಟೆಲುಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯವರ ಮಕ್ಕಳು, ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಕನ್ನಡ ಅಯ್ಯಂಗಾರರ ಮಕ್ಕಳು ಅಲ್ಲಿ ಓದುತ್ತಿದ್ದರು.

ಹೆಡ್‌ಮಿಸ್ಟ್ರೆಸ್ ವೇದವಲ್ಲಿ ಅಮ್ಮ ಆ ಅಯ್ಯಂಗಾರರ ಪೈಕಿಯವರೇ. ದೊಡ್ಡ ದನಿ, ಮೂಗಿನಲ್ಲಿ ವಜ್ರದ ಬೇಸರಿ. ಒಂದು ವರ್ಷ ಕೆಳಗಿನ ತರಗತಿಗಳಿಗೆ ಕನ್ನಡ, ಲೆಕ್ಕ ಹೇಳಿಕೊಟ್ಟೆ. ಮರುವರ್ಷ ಚರಿತ್ರೆಯ ಮೇಷ್ಟ್ರು ಬಿಟ್ಟುಹೋದರು. ವೇದವಲ್ಲಿ ಅಮ್ಮ ನನ್ನನ್ನು ಕರೆದು ಒಂದು ದಪ್ಪ ಪುಸ್ತಕವನ್ನು ಮೇಜಿನ ಮೇಲೆ ತಳ್ಳಿದರು. ಯುರೋಪಿನ ಚರಿತ್ರೆ. ನಾನು ಸಮುದ್ರ ಕಂಡವಳು, ಅದರ ಆಚೆಗೆ ಏನಿದೆ ಎಂದು ಯೋಚಿಸಿದವಳಲ್ಲ. ನನಗೆ ಇದು ಬರುವುದಿಲ್ಲ ಎಂದು ಹೇಗೋ ಹೇಳಿದೆ.

"ಪರವಾಯಿಲ್ಲೆ ಭಾಗೀರಥಿ," ಎಂದರು ಅವರು. "ನಂಗೂ ಬರಲ್ಲ. ಮಕ್ಕಳಿಗೂ ಬರಲ್ಲ. ಮೂರು ಜನಾನೂ ಸೇರಿ ಕಲ್ತ್ಕೊಳ್ಳೋಣ."

ಮೊದಲ ವರ್ಷ ನಾನು ಮಾಡಿದ್ದು ಬರೀ ಎಡವಟ್ಟು. ಜರ್ಮನಿಯ ಒಬ್ಬ ಸನ್ಯಾಸಿ ಚರ್ಚಿನ ಬಾಗಿಲಿಗೆ ತನ್ನ ಆಕ್ಷೇಪಗಳನ್ನು ಅಂಟಿಸಿದ ಕತೆ ನಿಮಗೆ ಗೊತ್ತಿರಬಹುದು. ಅಲ್ಲಿಂದಲೇ ಅವರ ಮತ ಎರಡಾಯಿತು. ಪೋಪ್ ಎಂದರೆ ಯಾರು ಎಂದು ಮಕ್ಕಳು ಕೇಳಿದರು. ನಮ್ಮ ಮಠದ ಸ್ವಾಮಿಗಳ ಹಾಗೆ ಎಂದೆ. ಆ ಸನ್ಯಾಸಿ ಏನು ಮಾಡಿದ ಎಂದಾಗ, ಸ್ವಾಮಿಗಳು ನಡುವೆ ಇಲ್ಲದೆಯೂ ದೇವರು ಸಿಗುತ್ತಾನೆ ಎಂದ, ಅಂದೆ. ಮರುದಿನ ಬೆಳಿಗ್ಗೆ ಒಬ್ಬ ಹುಡುಗಿಯ ತಾತ, ನಾಮ ಹಾಕಿಕೊಂಡು ಕೊಡೆ ಹಿಡಿದು, ಆಫೀಸಿನ ಮುಂದೆ ನಿಂತಿದ್ದರು. ವೇದವಲ್ಲಿ ಅಮ್ಮ ಅವರನ್ನು ಕಾಫಿ ಕೊಟ್ಟು ಕಳಿಸಿ ನನಗೆ ಹೇಳಿದ್ದಿಷ್ಟೇ: ಹೋಲಿಕೆ ಕೊಡುವಾಗ ಯಾರ ಮನೆಯದು ಎಂದು ನೋಡಿ ಕೊಡು. ಸ್ಮಿತಾ, ಇದನ್ನು ನೀನೂ ನೆನಪಿಟ್ಟುಕೊ.

ನಮ್ಮಲ್ಲಿ ಗೋಡೆಗೆ ತೂಗುಹಾಕುವ ಭೂಪಟ ಒಂದೇ ಇತ್ತು, ಅದನ್ನು ಇಂಗ್ಲಿಷ್ ವಿಭಾಗದವರು ಬಿಡುತ್ತಿರಲಿಲ್ಲ. ನಾನು ಮಕ್ಕಳಿಂದ ಜಗಲಿಯ ಸಿಮೆಂಟಿನ ಮೇಲೆ ರಂಗೋಲಿ ಪುಡಿಯಲ್ಲಿ ಯುರೋಪನ್ನು ಬರೆಸಿದೆ. ರಾಜಧಾನಿಗಳೆಲ್ಲ ಚುಕ್ಕಿ, ಗಡಿಗಳೆಲ್ಲ ಎಳೆ. ಇಟಲಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸುತ್ತಿದ್ದವಳು ವನಜ. ಹತ್ತಿರದ ಹೋಟೆಲಿನಲ್ಲಿ ಅಡಿಗೆ ಮಾಡುತ್ತಿದ್ದ ಅನಂತ ಭಟ್ಟರ ಮಗಳು. ತೆಳ್ಳಗೆ, ಕಪ್ಪಗೆ, ಪ್ರಶ್ನೆ ಕೇಳುವಾಗ ಒಂದು ಕಾಲ ಮೇಲೆ ನಿಲ್ಲುತ್ತಿದ್ದಳು.

ಒಂದು ಸಲ ಇನ್‌ಸ್ಪೆಕ್ಟರ್ ಬಂದರು. ಜಗಲಿಯ ಯುರೋಪನ್ನು ಬಗ್ಗಿ ನೋಡಿ, ಮೆಡಿಟರೇನಿಯನ್ ಸಮುದ್ರದ ಪಶ್ಚಿಮದ ತುದಿಯನ್ನು ಬೆತ್ತದಿಂದ ತೋರಿಸಿದರು. ಅಲ್ಲಿ ಸ್ಪೇನಿನ ಎಳೆಯೂ ಆಫ್ರಿಕದ ಎಳೆಯೂ ಕೂಡಿಬಿಟ್ಟಿದ್ದವು. ಈ ಕಡಲಿನ ಹಡಗು ಹೊರಗೆ ಹೋಗುವುದು ಹೇಗೆ ಎಂದು ಕೇಳಿದರು. ವನಜ ಒಂದು ಕಾಲೆತ್ತಿ ನಿಂತಳು.

"ಎಳೆ ಬಾಯಿ ಬಿಟ್ಟುಕೊಂಡು ಇರಬಾರದು ಸಾರ್. ಲಕ್ಷ್ಮಿ ಹೊರಟು ಹೋಗ್ತಾಳೆ."

ಅವರು ನಕ್ಕರು. ಲಕ್ಷ್ಮಿಯನ್ನು ಹುಡುಕಿಕೊಂಡು ಹೊರಟದ್ದಕ್ಕೇ ಯುರೋಪಿನವರ ಹಡಗು ಕಲ್ಲಿಕೋಟೆಗೆ ಬಂತು ಎಂದು ಅವರೇ ಆ ಪಾಠವನ್ನು ಮುಗಿಸಿಕೊಟ್ಟು ಹೋದರು. ಆಮೇಲೆ ನಮ್ಮ ಹುಡುಗಿಯರು ಜಲಸಂಧಿ ಇರುವಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟು, ಅಲ್ಲಿ ಒಂದು ಹೂವಿನ ಎಸಳು ಇಡುತ್ತಿದ್ದರು. ತೆರೆದ ಹಾಗೂ ಆಯಿತು, ಮುಚ್ಚಿದ ಹಾಗೂ ಆಯಿತು. ಹೀಗೆ ಮಾಡಿ ಎಂದು ನಾನು ಹೇಳಿರಲಿಲ್ಲ.

ಐವತ್ತಾರನೇ ಇಸವಿಯಲ್ಲಿ ರಾಜ್ಯಗಳು ಬೇರೆಯಾದವು. ಅದುವರೆಗೆ ಮದ್ರಾಸಿಗೆ ಸೇರಿದ್ದ ನಮ್ಮ ಜಿಲ್ಲೆ ಮೈಸೂರಿಗೆ ಹೋಯಿತು. ಆಗ ಮೇಲಿನ ತರಗತಿಯಲ್ಲಿ ವಿಯೆನ್ನಾದ ಪಾಠ ನಡೆಯುತ್ತಿತ್ತು. ಫ್ರಾನ್ಸಿನ ಚಕ್ರವರ್ತಿಯನ್ನು ಸೋಲಿಸಿದ ಮೇಲೆ ರಾಜರೂ ಮಂತ್ರಿಗಳೂ ಒಂದೂರಿನಲ್ಲಿ ಸೇರಿ, ಕುಣಿದು, ಉಂಡು, ಯುರೋಪಿನ ಗಡಿಗಳನ್ನು ಹೊಸದಾಗಿ ಎಳೆದರು. ಅಲ್ಲಿದ್ದ ಜನರನ್ನು ಯಾರಾದರೂ ಕೇಳಿದರಾ ಎಂದು ವನಜ ಕೇಳಿದಳು. ಇಲ್ಲ ಎಂದೆ. ಅವಳು ಕುಳಿತುಕೊಂಡಳು, ಮತ್ತೆ ಎದ್ದಳು. ನಮ್ಮದು ಜನ ಕೇಳಿಕೊಂಡದ್ದಕ್ಕೇ ಮಾಡಿದ್ದಲ್ಲವಾ, ಕನ್ನಡದವರೆಲ್ಲ ಒಂದಾಗಬೇಕು ಅಂತ, ಎಂದಳು. ಹೌದು ಎಂದೆ. "ಹಾಗಾದರೆ ಇಲ್ಲಿ ಉಳಿದ ನಾವು ಎಂತ ಟೀಚರ್?" ಎಂದಳು. ತರಗತಿಯವರೆಲ್ಲ ನಕ್ಕರು. ಆದರೆ ಮರುವರ್ಷದಿಂದ ನಮ್ಮ ವಿಭಾಗಕ್ಕೆ ಮಕ್ಕಳು ಬರುವುದು ಕಡಿಮೆಯಾಯಿತು. ಕೆಲವರು ಊರಿಗೆ ಹೋದರು, ಕೆಲವರು ತಮಿಳು ವಿಭಾಗಕ್ಕೆ ಸೇರಿದರು.

ವನಜ ಉಳಿದಳು. ಅವಳಿಗೆ ಬೇಕಾಗಿದ್ದುದು ಒಂದೇ. ಶಾಲೆಯ ಕೊನೆಯ ತರಗತಿ ಆರನೇ ಫಾರಂ ಮುಗಿಸಿ, ಎಸ್‌.ಎಸ್‌.ಎಲ್‌.ಸಿ. ಪಾಸಾಗಿ, ಟೀಚರ್ ಟ್ರೈನಿಂಗಿಗೆ ಹೋಗುವುದು. ಅದನ್ನು ನನಗೆ ಗುಟ್ಟಾಗಿ ಹೇಳಿದ್ದಳು. ಆಮೇಲೆ ಕೈಯಲ್ಲಿ ಸೀಮೆಸುಣ್ಣ ಸಿಕ್ಕಿದಾಗಲೆಲ್ಲ ಬೋರ್ಡಿನ ಮೂಲೆಯಲ್ಲಿ ನನ್ನ ಅಕ್ಷರವನ್ನೇ ಅನುಕರಿಸಿ ತಾರೀಕು ಬರೆಯುತ್ತಿದ್ದಳು.

ಅವಳು ಆರನೇ ಫಾರಂನಲ್ಲಿದ್ದ ವರ್ಷ ಒಂದು ಪಾಠ ಎಲ್ಲರಿಗೂ ಹಿಡಿಸಿತು. ದುರ್ಬೀನು ಹಿಡಿದು ಆಕಾಶ ನೋಡಿದ ಇಟಲಿಯ ಮುದುಕನ ಪಾಠ. ಹುಡುಗಿಯರಿಗೆ ಅವನ ಹೆಸರು ಬಾಯಿಗೆ ಬರದೆ ದುರ್ಬೀನು ಅಜ್ಜ ಎಂದೇ ಕರೆಯುತ್ತಿದ್ದರು. ಭೂಮಿ ತಿರುಗುತ್ತದೆ ಎಂದ. ಚರ್ಚಿನವರು ವಿಚಾರಣೆಗೆ ಕರೆದರು. ಕೊನೆಗೆ ಮಂಡಿಯೂರಿ, ಇಲ್ಲ, ತಿರುಗುವುದಿಲ್ಲ ಎಂದು ಅವರಿಗೆ ಬೇಕಾದದ್ದನ್ನೇ ಹೇಳಿ ಜೀವ ಉಳಿಸಿಕೊಂಡ. ಕೆಲವರು ಅವನನ್ನು ಹೇಡಿ ಎಂದರು. ವನಜ ಒಪ್ಪಲಿಲ್ಲ. ಅವನು ಸತ್ತಿದ್ದರೆ ಮುಂದಿನ ಪುಸ್ತಕ ಬರೆಯುವವರು ಯಾರು ಎಂದು ಜಗಳವಾಡಿದಳು. ಆ ದಿನ ನಾನು ಪಾಠಕ್ಕಿಂತ ಹೆಚ್ಚು ಹೇಳಿದೆ. ಆ ಕಾಲದಿಂದಲೇ ಯುರೋಪಿನವರು ಶಕುನ, ಧೂಮಕೇತು, ಮಾಟ ಇವನ್ನೆಲ್ಲ ನಂಬುವ ಮೊದಲು ಪರೀಕ್ಷಿಸಿ ನೋಡಲು ಕಲಿತರು, ನೀವೂ ಕಲಿಯಿರಿ ಎಂದೆ. ಹೇಳುವಾಗ ನನ್ನ ಬರಿಯ ಹಣೆ ಅವರಿಗೆ ಕಾಣುತ್ತಿದೆ ಎಂಬುದು ಮರೆತುಹೋಗಿತ್ತು.

ಆ ಧನುರ್ಮಾಸ ಕಳೆಯುತ್ತಲೇ ವನಜಳನ್ನು ನೋಡಲು ಗಂಡಿನವರು ಬರುತ್ತಾರೆಂದು ಸುದ್ದಿಯಾಯಿತು. ಹುಡುಗ ಮದ್ರಾಸಿನ ಅಂಚಿನ ತಾಂಬರದಲ್ಲಿ ಮನೆ ಮಾಡಿಕೊಂಡಿದ್ದ, ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ಭಟ್ಟರಿಗೆ ಅದಕ್ಕಿಂತ ಒಳ್ಳೆಯದು ಬೇಕಾಗಿರಲಿಲ್ಲ. ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ.

ನೀವೇ ಹೋಗಿ ಮಾತಾಡಿ ಎಂದು ನಾನು ವೇದವಲ್ಲಿ ಅಮ್ಮನನ್ನು ಕೇಳಿಕೊಂಡೆ. "ನಾನ್ ಹೋದ್ರೆ ಫೀಸ್ ಕೇಳಕ್ಕೆ ಬಂದಿದಾಳೆ ಅಂತ ಹಿಂದಿನ ಬಾಗ್ಲಿಂದ ಓಡ್ಬಿಡ್ತಾನೆ," ಎಂದರು. "ನೀವಿಬ್ರೂ ಒಂದೇ ಊರ್ ಕಡೆಯೋರು. ನೀ ಹೋಗು."

ಹೋದೆ. ಹೋಟೆಲಿನ ಹಿಂದಿನ ಬಾಗಿಲಲ್ಲಿ, ಪಾತ್ರೆ ತೊಳೆಯುವ ಜಾಗದ ಪಕ್ಕ ನಿಂತೆ. ಭಟ್ಟರು ಬೆವರು ಒರೆಸಿಕೊಳ್ಳುತ್ತ ಬಂದರು. ನಮ್ಮವರನ್ನು ಬಲ್ಲವರು, ಅವರ ಒಳ್ಳೆಯತನವನ್ನು ನೆನೆದರು. ನಿಮ್ಮ ಅಪ್ಪ ಹೇಗಿದ್ದಾನೆ ಎಂದು ವಿಚಾರಿಸಿದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲಿಲ್ಲ. ಹುಡುಗಿ ಚೆನ್ನಾಗಿ ಓದುತ್ತಾಳೆ ಎಂದಷ್ಟೇ ಹೇಳಿದೆ.

"ಓದ್ತಾಳೆ ಟೀಚರಮ್ಮ, ಗೊತ್ತುಂಟು," ಎಂದರು. "ನಾನು ಬೆಂಕಿ ಮುಂದೆ ಎಷ್ಟು ವರ್ಷ ನಿಲ್ಲಲಿಕ್ಕೆ ಆಗ್ತದೆ, ಹೇಳಿ. ಕೈಯಲ್ಲಿ ಶಕ್ತಿ ಇರುವಾಗಲೇ ಒಂದು ಕಡೆ ಸೇರಿಸಿಬಿಡಬೇಕು."

ಮಗುವಿಗೆ ಕೊಡಿ ಎಂದು ಬಾಳೆಲೆಯಲ್ಲಿ ಹಲ್ವ ಕಟ್ಟಿಕೊಟ್ಟರು. ವಾದ ಮಾಡಲು ಹೋದವಳು ಹಲ್ವದ ಪೊಟ್ಟಣ ಹಿಡಿದುಕೊಂಡು ವಾಪಸು ಬಂದೆ.

ಗಂಡಿನವರು ಬರುವ ಹಿಂದಿನ ದಿನ, ಶಾಲೆ ಬಿಟ್ಟ ಮೇಲೆ, ವನಜ ತರಗತಿಯಲ್ಲೇ ಉಳಿದಳು. ಬೋರ್ಡು ಒರೆಸುವಂತೆ ಮಾಡುತ್ತ ನನಗೆ ಬೆನ್ನು ಹಾಕಿ ನಿಂತಿದ್ದಳು.

"ಟೀಚರ್, ನಾಳೆ ಸಂಜೆ ಅವರು ಬರುವ ಹೊತ್ತಿಗೆ ನೀವು ನಮ್ಮ ಬಾಗಿಲಲ್ಲಿ ನಿಲ್ಲಲಿಕ್ಕೆ ಆಗ್ತದಾ?"

"ಎಂತಕ್ಕೆ?"

"ಒಳಗೆ ಬರುವಾಗ ಎದುರಿಗೆ ನೀವು ಸಿಕ್ಕಿದ್ರೆ ಅವರು ವಾಪಸ್ ಹೋಗ್ತಾರೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗಂಡ ಸತ್ತವಳು ಎದುರು ಬಂದರೆ ಹಿಡಿದ ಕೆಲಸ ಕೆಡುತ್ತದೆ ಎಂಬುದು ಆಗ ಎಲ್ಲರ ಮನೆಯ ಮಾತು. ಈಗಲೂ ಪೂರ್ತಿ ಹೋಗಿಲ್ಲ. ಅವಳು ತಿರುಗಿದಳು, ಕಣ್ಣು ತುಂಬಿತ್ತು.

"ಅದು ಸುಳ್ಳು ಅಂತ ನನಗೆ ಗೊತ್ತುಂಟು ಟೀಚರ್. ನೀವೇ ಹೇಳಿಕೊಟ್ಟದ್ದು. ಆದ್ರೆ ಅವರಿಗೆ ಗೊತ್ತಿಲ್ಲ ಅಲ್ವಾ? ದುರ್ಬೀನು ಅಜ್ಜ ಮಂಡಿ ಊರಿ ಸುಳ್ಳು ಹೇಳಲಿಲ್ವಾ? ಅಷ್ಟಕ್ಕೆ ಭೂಮಿ ಏನು ನಿಂತು ಹೋಯ್ತಾ?"

ಅವಳು ಚೀಲ ಎತ್ತಿಕೊಂಡು ಹೋದಳು.

ಯಾರ ಎದುರಿಗೂ ಬೀಳದೆ ಇರುವ ವಿದ್ಯೆಯನ್ನು ನಾನು ಅಷ್ಟು ವರ್ಷಗಳಲ್ಲಿ ಚೆನ್ನಾಗಿ ಕಲಿತಿದ್ದೆ. ಪಕ್ಕದ ಪೋರ್ಷನ್ನಿನಲ್ಲಿ ಯಾರಾದರೂ ಪ್ರಯಾಣ ಹೊರಟರೆ ನನ್ನ ಬಾಗಿಲು ಮುಂಚೆಯೇ ಮುಚ್ಚಿರುತ್ತಿತ್ತು. ಶಾಲೆಯ ಸರಸ್ವತಿ ಪೂಜೆಯಲ್ಲಿ ಕುಂಕುಮದ ತಟ್ಟೆ ಬರುವ ಹೊತ್ತಿಗೆ ಹೊರಗೆ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಯಾರಿಂದಲೂ ಹೇಳಿಸಿಕೊಳ್ಳಬಾರದು, ಅದೊಂದೇ ನನ್ನ ಮರ್ಯಾದೆಯಾಗಿತ್ತು. ಆ ಹುಡುಗಿ ಬಿಟ್ಟುಕೊಡಿ ಎಂದು ಕೇಳಿದ್ದು ಅದನ್ನೇ. ಅವಳ ಮೇಲೆ ಸಿಟ್ಟು ಬರಲಿಲ್ಲ. ತನ್ನ ಕೈಗೆ ಸಿಕ್ಕಿದ ಒಂದೇ ಆಯುಧ ನಾನು ಎಂದು ಅವಳು ಕಂಡುಕೊಂಡಿದ್ದಳು.

ಮರುದಿನ ಸಂಜೆ ನಿಮ್ಮ ಅಪ್ಪನನ್ನು ಪಕ್ಕದ ಮನೆಯಲ್ಲಿ ಬಿಟ್ಟು, ತೀರಾ ಮಾಸಲು ಬಣ್ಣದ ಸೀರೆ ಉಟ್ಟು ಹೋದೆ. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಭಟ್ಟರ ಪೋರ್ಷನ್ ಇತ್ತು. ಬಾಗಿಲಲ್ಲಿ ಹೊಸ ಮಾವಿನೆಲೆ. ಎದುರು ಮನೆಯ ತಮಿಳು ಹೆಂಗಸು ನನ್ನನ್ನು ನೋಡಿ ಮೆಲ್ಲಗೆ, ಗಂಡಿನವರು ಬರುವ ಹೊತ್ತು, ಸ್ವಲ್ಪ ಆ ಕಡೆ ಹೋಗಿ ನಿಲ್ಲಿ ಎಂದಳು. ಕೆಟ್ಟ ಮನಸ್ಸಿನಿಂದಲ್ಲ. ಬೇರೆ ದಿನವಾಗಿದ್ದರೆ ಅವಳು ಹೇಳುವ ಮೊದಲೇ ಹೋಗಿರುತ್ತಿದ್ದೆ. ಅವತ್ತು ಅಲ್ಲೇ ನಿಂತೆ. ಗೋಡೆ ಹಿಡಿದುಕೊಂಡೆ.

ಜಟಕಾ ಬಂತು. ಮೊದಲು ಇಳಿದವಳು ಒಬ್ಬ ಹೆಂಗಸು. ನನಗಿಂತ ಹಿರಿಯಳು. ನನ್ನ ಸೀರೆಯಂಥದೇ ಸೀರೆ, ನನ್ನಂಥದೇ ಹಣೆ. ಹುಡುಗ ಅವಳ ಮೊಣಕೈ ಹಿಡಿದು ಮುಂದಕ್ಕೆ ತರುತ್ತಿದ್ದ. ಹಣ್ಣಿನ ತಟ್ಟೆ ಹಿಡಿದ ಅವನ ಸೋದರಮಾವ ಹಿಂದೆ ನಿಂತಿದ್ದರು, ಅವರ ಮುಖ ಸರಿಯಿರಲಿಲ್ಲ.

ಆ ತಾಯಿ ನನ್ನನ್ನು ಕಂಡು ನಿಂತಳು. ಆಮೇಲೆ ನೇರವಾಗಿ ನನ್ನ ಬಳಿಗೇ ಬಂದಳು.

"'ಅಮ್ಮ, ನೀವು ಮುಂದೆ ಹೋಗದಿದ್ರೆ ನಾನು ಹುಡುಗಿ ನೋಡೂದೇ ಇಲ್ಲ' ಅಂತ ಇವನ ಹಠ," ಎಂದಳು. "ನಂಗೆ ಕಾಲೇ ಬರ್ಲಿಲ್ಲ. ನೀವು ಸಿಕ್ಕಿದ್ದು ಒಳ್ಳೇದಾಯ್ತು ಕಾಣಿ. ಇಬ್ಬರೂ ಒಟ್ಟಿಗೆ ಹೋಗುವ."

ನನ್ನ ಕೈ ಹಿಡಿದುಕೊಂಡಳು. ಅವಳ ಕೈಯೂ ತಣ್ಣಗಿತ್ತು. ಹುಡುಗ, "ಬನ್ನಿ ಅಮ್ಮ, ಇದೆಲ್ಲ ಯಾವ ಕಾಲದ್ದು," ಎಂದು ನನ್ನನ್ನು ನೋಡಿ ನಕ್ಕ. ಕಪಟವಿಲ್ಲದ ನಗು.

ಹೀಗೆ ನಾನು ಗಂಡಿನವರ ಜೊತೆ, ಎಲ್ಲರಿಗಿಂತ ಮುಂದಾಗಿ, ಮಾವಿನೆಲೆಯ ಕೆಳಗೆ ಒಳಗೆ ಹೋದೆ. ನಿಮ್ಮ ಅಜ್ಜ ಹೋದ ಮೇಲೆ ಶುಭಕಾರ್ಯದ ಮನೆಯೊಳಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಭಟ್ಟರು ಒಂದು ಗಳಿಗೆ ಬೆಪ್ಪಾದರು, ಕೂಡಲೇ ಚಾಪೆ ಹಾಸಿದರು. ನನ್ನನ್ನು ಆ ತಾಯಿಯ ಪಕ್ಕದಲ್ಲಿ ಕೂರಿಸಿದರು. ನನಗೆ ಎದೆ ತುಂಬಿ ಬಂತು. ಅದನ್ನು ಬಚ್ಚಿಟ್ಟು ಬರೆದರೆ ಈ ಬರವಣಿಗೆಗೆ ಬೆಲೆಯಿಲ್ಲ. ಆ ಸಂತೋಷ ಕಣ್ಣಿನವರೆಗೆ ಬಂದ ಹೊತ್ತಿಗೆ ಸರಿಯಾಗಿ ವನಜ ಕಾಫಿಯ ತಟ್ಟೆ ಹಿಡಿದು ಒಳಗಿನಿಂದ ಬಂದಳು.

ನನ್ನನ್ನು ನೋಡಿದಳು. ನನ್ನ ಕೈ ಆ ತಾಯಿಯ ಕೈಯಲ್ಲಿ ಇರುವುದನ್ನೂ ನೋಡಿದಳು. ತಟ್ಟೆ ಅಲುಗಲಿಲ್ಲ. ಮೊದಲು ಆಕೆಗೆ, ಆಮೇಲೆ ನನಗೆ, ಆಮೇಲೆ ಉಳಿದವರಿಗೆ ಲೋಟ ಕೊಟ್ಟಳು.

ಹುಡುಗ ಅವಳನ್ನು ಯಾವ ಕ್ಲಾಸು ಎಂದು ಕೇಳಿದ. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ, ದೊಡ್ಡವರು ಕೂತಿದ್ದ ಜಾಗದಲ್ಲಿ ಬಾಯಿಬಿಟ್ಟೆ. "ಪರೀಕ್ಷೆ ಹತ್ತಿರ ಉಂಟು. ಅದನ್ನು ಬರೀಲಿ. ಮದುವೆ ಆಮೇಲೆ ಮಾಡಿ. ಅವಳಿಗೆ ಟೀಚರ್ ಆಗಬೇಕು ಅಂತ ಆಸೆ."

ಯಾರೂ ಬೇಡ ಎನ್ನಲಿಲ್ಲ. ಹುಡುಗ, ಧಾರಾಳವಾಗಿ ಬರೆಯಲಿ, ಓದಿದವಳೇ ನನಗೂ ಬೇಕು ಎಂದ. ಅವನ ತಾಯಿ ಸಂತೋಷಪಟ್ಟಳು. ಭಟ್ಟರೂ ತಲೆಯಾಡಿಸಿದರು. ನಾನು ಗೆದ್ದೆ ಎಂದುಕೊಂಡೆ.

ಆದರೆ ಮುಹೂರ್ತ ಕೂಡಿಬಂದದ್ದು ಮಾಘದ ಕೊನೆಗೆ. ಅದು ಬಿಟ್ಟರೆ ಭಟ್ಟರಿಗೆ ಹೋಟೆಲಿನಲ್ಲಿ ರಜೆ ಸಿಗುವಂತಿರಲಿಲ್ಲ, ಸೋದರಮಾವನಿಗೂ ಬೇರೆ ದಿನ ಆಗದು. ಮದುವೆ ಊರಿನಲ್ಲಿ. ಅಲ್ಲಿಂದ ವಾಪಸು ಬರುವಷ್ಟರಲ್ಲಿ ಪರೀಕ್ಷೆ ಶುರುವಾಗಿ ಹೋಗಿತ್ತು. ಮುಂದಿನ ವರ್ಷ ಬರೆದರಾಯಿತು ಎಂದು ಎಲ್ಲರೂ ಹೇಳಿದರು, ಮನಸ್ಸಿನಿಂದಲೇ ಹೇಳಿದರು. ಮುಂದಿನ ವರ್ಷ ಅವಳು ಬಸುರಿ. ನಾನು ಎರಡು ಸಲ ತಾಂಬರಕ್ಕೆ ಎಲೆಕ್ಟ್ರಿಕ್ ರೈಲಿನಲ್ಲಿ ಹೋಗಿ ಪುಸ್ತಕ ಕೊಟ್ಟುಬಂದೆ. ಪುಸ್ತಕಗಳನ್ನು ಅತ್ತೆಯೇ ರಟ್ಟು ಹಾಕಿ ಜೋಪಾನವಾಗಿ ಇಟ್ಟಿದ್ದಳು. ಅತ್ತೆ ಒಳ್ಳೆಯವಳು, ಗಂಡ ಒಳ್ಳೆಯವನು. ದೂರಬೇಕೆಂದರೆ ಯಾರನ್ನು ದೂರುವುದು?

ವೇದವಲ್ಲಿ ಅಮ್ಮನಿಗೆ ನಾನು ಇದೆಲ್ಲವನ್ನೂ ಒಂದು ದಿನ ಹೇಳಿದೆ. ಅವರು, "ಕೆಟ್ಟವರಾಗಿದ್ರೆ ಜಗಳಾನಾದ್ರೂ ಆಡಬೋದಿತ್ತು ಕಣೆ," ಎಂದರು. ಅವರು ಯಾವಾಗಲೂ ನನ್ನನ್ನು ಏಕವಚನದಲ್ಲಿ, ತಂಗಿಯ ಹಾಗೆ ಕರೆಯುತ್ತಿದ್ದುದು ಅವತ್ತೇ ಹೆಚ್ಚು ತಟ್ಟಿತು.

ನಂತರದ ವರ್ಷಗಳಲ್ಲಿ ಪಾಠದ ಕ್ರಮವೇ ಬದಲಾಯಿತು. ರಂಗೋಲಿಯ ಯುರೋಪು ಹೋಗಿ ಅಚ್ಚಾದ ಭೂಪಟದ ಹಾಳೆ ಬಂತು, ಕತೆ ಹೋಗಿ ನೋಟ್ಸ್ ಬಂತು, ನೋಟ್ಸ್ ಹೋಗಿ ಗೈಡು ಬಂತು. ದುರ್ಬೀನು ಅಜ್ಜನ ಪಾಠವನ್ನು ನಾನು ಆಮೇಲೂ ಮಾಡುತ್ತಿದ್ದೆ. ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ಹುಡುಗಿಯರು ಜಗಳವಾಡಿದರೆ ನಡುವೆ ಹೋಗುತ್ತಿರಲಿಲ್ಲ. ಸ್ಮಿತಾ, ನಿನ್ನ ಮಕ್ಕಳು ಪಾಠವನ್ನು ಮನೆಗೆ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದು ನಿನ್ನ ಕೈಯಲ್ಲಿ ಇರುವುದಿಲ್ಲ.

ವನಜಳ ಮಗಳ ನಾಮಕರಣಕ್ಕೆ ನನ್ನನ್ನು ಕರೆದರು. ಮದ್ರಾಸಿನಲ್ಲಿ ನನ್ನನ್ನು ಶುಭಕಾರ್ಯಕ್ಕೆ ಕರೆಯುತ್ತಿದ್ದ ಮನೆ ಅದೊಂದೇ. ಅವಳ ಅತ್ತೆ ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿ ಮಗುವನ್ನು ಮೊದಲು ನನ್ನ ತೊಡೆಗೆ ಹಾಕಿದಳು. ಊಟದ ಗದ್ದಲ ಶುರುವಾದ ಮೇಲೆ ವನಜ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಮೈ ತುಂಬಿಕೊಂಡಿತ್ತು, ಮುಖ ಶಾಂತವಾಗಿತ್ತು.

"ಟೀಚರ್, ಆ ದಿನ ಇವರು ವಾಪಸ್ ಹೋಗಿದ್ರೆ ನಿಮ್ಮನ್ನು ಹೀಗೆ ಯಾರೂ ಕೂರಿಸ್ತಿರಲಿಲ್ಲ."

"ಇಲ್ಲ," ಎಂದೆ.

"ನಾನು ಪರೀಕ್ಷೆ ಬರೀತಿದ್ದೆ."

"ಹೌದು."

ಅವಳು ಮಗುವಿನ ಕುಲಾವಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಶಾಲೆಯಲ್ಲಿ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು.

"ಅಷ್ಟೆಲ್ಲ ದೇಶದ ಚರಿತ್ರೆ ಹೇಳಿಕೊಟ್ಟಿರಲ್ಲ ಟೀಚರ್. ಎರಡೂ ಒಟ್ಟಿಗೆ ಆದದ್ದು ಎಲ್ಲಿಯೂ ಇಲ್ವಾ?"

ಬಾಗಿಲಿಗೆ ಕಾಗದ ಅಂಟಿಸಿದ ಸನ್ಯಾಸಿಯಿಂದ ಹಿಡಿದು ನಾನು ಮಾಡಿದ ಪಾಠಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಹುಡುಕಿದೆ. ರಾಜನ ತಲೆ ಹಾರಿಸಿದ ವರ್ಷವನ್ನು ಹುಡುಕಿದೆ, ಜೀತದ ರೈತರನ್ನು ಬಿಡುಗಡೆ ಮಾಡಿದ ವರ್ಷವನ್ನು ಹುಡುಕಿದೆ, ಹೆಂಗಸರಿಗೆ ವೋಟು ಕೊಟ್ಟ ವರ್ಷವನ್ನು ಹುಡುಕಿದೆ. ಅವಳು ಕಾಯುತ್ತಿದ್ದಳು. ನಾನು ಇನ್ನೂ ಹುಡುಕುತ್ತಿರುವಾಗಲೇ ಮಗು ಎದ್ದು ಅಳತೊಡಗಿತು. ಅವಳು ಅದನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹಾಲು ಕೊಡಲು ಒಳಗೆ ಹೋದಳು.